ಸತ್ತವನ ಪರವಾಗಿ ಹೇಳಿದ ಹಾಜರಿ

ಹತ್ತಿರ ಬಂದು ಕೂತುಕೊಳ್ಳಿ, ಇದನ್ನು ಜೋರಾಗಿ ಹೇಳೋಕಾಗಲ್ಲ. ಕತ್ತಲೆಗೆ ಹೆದರುವ ಆಸಾಮಿ ನಾನಲ್ಲ. ರಾತ್ರಿ ಹೊಲಕ್ಕೆ ನೀರು ಬಿಟ್ಟು, ಬದುವಿನ ಮೇಲೇ ಗೊರಕೆ ಹೊಡೆದು ಎದ್ದು ಬಂದವನು. ಬೇಕಾದರೆ ಊರಲ್ಲಿ ಕೇಳಿ. ಆದರೆ ಇದು ನಮ್ಮ ಸ್ವಂತ ದೊಡ್ಡಪ್ಪನಿಗೆ ಆದದ್ದು...

ಆವತ್ತು ದೊಡ್ಡಪ್ಪ ಗೆಳೆಯನನ್ನು ಮಣ್ಣು ಮಾಡಿ ಒಬ್ಬನೇ ಮನೆಗೆ ಬರುತ್ತಿದ್ದ. ಕತ್ತಲಾಗಿತ್ತು. ದಾರಿಯಲ್ಲಿ ಪಾಳು ಬಾವಿ. ಚಪ್ಪಲಿಗೆ ಮಣ್ಣು ಮೆತ್ತಿ ಹೆಜ್ಜೆಗೊಮ್ಮೆ ಪಚ್... ಪಚ್... ಅನ್ನುತ್ತಿತ್ತು. ಬಾವಿಕಟ್ಟೆ ಹತ್ತಿರ ಬಂದದ್ದೇ ತಡ, ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಮಾನಿಟರ್!

ಯಾರು ಅಂದರೆ, ದೊಡ್ಡಪ್ಪನ ಕಾಲೇಜಿನ ಕ್ಲಾಸಿಗೆ ಮಾನಿಟರ್ ಆಗಿದ್ದ ಮನುಷ್ಯ. ಈಗ ದೂರದ ಪಟ್ಟಣದಲ್ಲಿ ಹಾಸಿಗೆ ಹಿಡಿದಿದ್ದ. ಆ ಕ್ಲಾಸಿನವರೆಲ್ಲ ಇಂಜಿನಿಯರುಗಳು, ಎಲ್ಲರೂ ನಿವೃತ್ತರು. ದೊಡ್ಡಪ್ಪ ಅಂತೂ ಇಡೀ ಪಟ್ಟಣಕ್ಕೆ ನೀರೆತ್ತುವ ಪಂಪುಗಳನ್ನು ಆಳಿದವನು, ಸುಮ್ಮನೆ ಅಲ್ಲ. ಕೆಲಸ ಬಿಟ್ಟ ಮೇಲೆ ಇವರೆಲ್ಲ ಒಂದು ಪದ್ಧತಿ ಮಾಡಿಕೊಂಡಿದ್ದರು. ದಿನಾ ಊಟ ಮುಗಿದ ಮೇಲೆ ಮಾನಿಟರ್ ಫೋನು ಮಾಡಿ ಕಾಲೇಜಿನ ಹಾಗೇ ಹಾಜರಿ ಕರೆಯಬೇಕು. ನಂಬರು ಕೂಗಿದಾಗ ‘ಪ್ರೆಸೆಂಟ್ ಸಾರ್’ ಅನ್ನಬೇಕು. ಆಮೇಲೆ ಹರಟೆ. ಯಾರಾದರೂ ಸತ್ತರೆ ಆ ನಂಬರು ಬಿಟ್ಟು ಮುಂದಿನದು. ಮೂವರಿಗಿಂತ ಕಮ್ಮಿಯಾದರೆ ಕ್ಲಾಸ್ ರದ್ದು, ಕಾಯಂ ಆಗಿ. ಇದು ಮಾನಿಟರನ ಕಾನೂನು, ಒಂದನೇ ನಂಬರೂ ಅವನದೇ. ಬಲು ಹಟಮಾರಿ ಮುದುಕ.

ಒಬ್ಬೊಬ್ಬರೇ ಹೋಗಿ ಹೋಗಿ ಕೊನೆಗೆ ಉಳಿದದ್ದು ಮೂವರೇ. ಮಾನಿಟರ್ ಒಬ್ಬ, ‘ಗೂಟ’ ಅಂತ ಕರೆಸಿಕೊಳ್ಳುವ ದೊಡ್ಡಪ್ಪ ಇನ್ನೊಬ್ಬ, ಪಕ್ಕದೂರಿನ ಬಾಯ್ಲರ್ ಮತ್ತೊಬ್ಬ. ಈ ಬಾಯ್ಲರ್ ಮಾತಿಗೆ ಮುಂಚೆ ಮೂಗಿನಲ್ಲಿ ಸುಂಯ್ಯ್ ಅಂತ ಉಸಿರೆಳೆಯುತ್ತಿದ್ದ, ಅದಕ್ಕೇ ಆ ಹೆಸರು. ಅವನ ಫೋನು ನೆಟ್ಟಗಿರಲಿಲ್ಲ. ದಿನಾ ದೊಡ್ಡಪ್ಪನ ಜಗಲಿಗೆ ಬಂದು, ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಇದೇ ಫೋನಿಗೆ ಬಾಯಿ ಕೊಡುತ್ತಿದ್ದ.

ಆ ಬಾಯ್ಲರನನ್ನೇ ಈಗ ಮಣ್ಣು ಮಾಡಿ ಬಂದದ್ದು. ಮಾನಿಟರನಿಗೆ ದೊಡ್ಡಪ್ಪ ಇನ್ನೂ ಹೇಳಿರಲಿಲ್ಲ.

“ಏಳು?” ಅಂದ ಮಾನಿಟರ್.

ಬಾಯ್ಲರನ ನಂಬರು.

‘ಅವನು ಹೋದ ಕಣೋ’ ಅಂದರೆ ಮುಗಿಯಿತು. ನಾಳೆಯಿಂದ ಫೋನಿಲ್ಲ. ಊಟ ಮಾಡಿ ಗೋಡೆ ನೋಡುತ್ತಾ ಕೂರುವುದೇ. ‘ಲೋ ಗೂಟ’ ಅನ್ನುವ ಒಂದು ನರಪಿಳ್ಳೆಯೂ ಲೋಕದಲ್ಲಿ ಉಳಿಯುವುದಿಲ್ಲ.

“ಏಳು? ಎಲ್ಲಿ ಸತ್ತನೋ ಇವನು?”

ಕಾಲೇಜಿನಲ್ಲಿ ಬಾಯ್ಲರ್ ಹಾಸ್ಟೆಲಿನಲ್ಲಿ ಬಿದ್ದುಕೊಂಡಾಗಲೆಲ್ಲ ಅವನ ಹಾಜರಿ ಹೇಳುತ್ತಿದ್ದವನು ದೊಡ್ಡಪ್ಪನೇ. ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ. ಮೂಗು ಅದುಮಿದ. ಸುಂಯ್ಯ್... ಅಂತ ಉಸಿರೆಳೆದ.

“ಪ್ರೆಸೆಂಟ್ ಸಾರ್.”

ಮೂಗು ಬಿಟ್ಟು ತನ್ನ ಹನ್ನೊಂದನೇ ನಂಬರಿಗೂ ಹಾಜರಿ ಹೇಳಿದ.

“ಹಾಂ, ಮೂವರೂ ಇದೀವಿ. ಕ್ಲಾಸ್ ಶುರು.”

ಬಾವಿಯೊಳಗೆ ಗುಳುಂ ಅಂತು. ಕಪ್ಪೆಯೋ ಏನೋ ಅಂದುಕೊಂಡು ದೊಡ್ಡಪ್ಪ ಬೇಗ ಬೇಗ ಹೆಜ್ಜೆ ಹಾಕಿದ.

ಅಲ್ಲಿಂದ ದಿನಾ ಇದೇ ಕೆಲಸ. ಜಗಲಿಯಲ್ಲಿ ಒಂದು ಸಲ ಮೂಗು ಹಿಡಿದು, ಒಂದು ಸಲ ಬಿಟ್ಟು, ಎರಡು ಹಾಜರಿ.

“ಒಬ್ಬರೇ ಕೂತು ಇಬ್ಬರ ಮಾತಾಡ್ತೀರಲ್ಲ, ತಲೆಗಿಲೆ ಕೆಟ್ಟಿದೆಯೇನ್ರೀ?” ಅಂದಳು ದೊಡ್ಡಮ್ಮ.

“ನೀನು ಒಳಗೆ ಹೋಗು ಮಾರಾಯ್ತಿ.”

ಹೀಗೇ ನಡೆಯುತ್ತಿತ್ತು. ಒಂದು ರಾತ್ರಿ... ಗಾಳಿ ಇರಲಿಲ್ಲ. ದೊಡ್ಡಮ್ಮ ಮಲಗಿದ್ದಳು. ಫೋನು ಬಂತು.

“ಏಳು?”

ದೊಡ್ಡಪ್ಪ ಮೂಗಿಗೆ ಕೈ ಒಯ್ಯುತ್ತಿದ್ದ. ಕೈ ಇನ್ನೂ ಅರ್ಧ ದಾರಿಯಲ್ಲಿತ್ತು.

ಸುಂಯ್ಯ್...

“ಪ್ರೆಸೆಂಟ್ ಸಾರ್.”

ಪಕ್ಕದ ಕುರ್ಚಿಯಿಂದ. ಬೆತ್ತ ಕಿರ್... ಅಂತು, ಯಾರೋ ಒರಗಿ ಕೂತ ಹಾಗೆ. ದೊಡ್ಡಪ್ಪ ಆ ಕಡೆ ತಿರುಗಲಿಲ್ಲ. ಕತ್ತು ತಿರುಗಿದರೆ ತಾನೆ?

“ಮಾನಿಟ್ರೇ...” ಪಿಸುಗುಟ್ಟಿದ. “ಬಾಯ್ಲರ್ ಹೋಗಿ ತಿಂಗಳಾಯ್ತು ಕಣೋ.”

“ಗೊತ್ತು ಕಣೋ ಗೂಟ. ಅವನ ಹೆಂಡತಿ ಆವತ್ತೇ ಫೋನು ಮಾಡಿದ್ಲು.”

“ಮತ್ತೆ... ಸುಮ್ಮನಿದ್ಯಲ್ಲೋ?”

“ನಿನಗೊಬ್ಬನಿಗೇ ಕ್ಲಾಸ್ ಬೇಕಾಗಿತ್ತಾ? ನೀನು ಸೊಗಸಾಗೇ ಹೇಳ್ತಿದ್ದೆ ಬಿಡು.”

“ಇವತ್ತು ಹೇಳಿದ್ದು ನಾನಲ್ಲ.”

ಸುಂಯ್ಯ್... ಪಕ್ಕದಲ್ಲೇ. ಕಿವಿಗೆ ತಣ್ಣಗೆ ತಾಗುವಷ್ಟು ಹತ್ತಿರ.

ಮಾನಿಟರ್ ಹೆದರಲಿಲ್ಲ. ಅದೇ ನೋಡಿ ಭಯ. ಮುದುಕನ ದನಿಯಲ್ಲಿ ಆಸೆ ಹುಟ್ಟಿಬಿಟ್ಟಿತು.

“ಹಾಗಿದ್ರೆ... ಎಲ್ಲರನ್ನೂ ಕರೀಲೇನೋ?”

“ಬೇಡ ಕಣೋ. ನಿನ್ನ ದಮ್ಮಯ್ಯ, ಬೇಡ.”

“ಎರಡು?”

ಒಣ ಕೆಮ್ಮು. “ಪ್ರೆಸೆಂಟ್ ಸಾರ್.”

“ಮೂರು?”

ಬಾಯಲ್ಲಿ ಏನೋ ಅಗಿಯುತ್ತಾ, “ಪ್ರೆಸೆಂಟ್.”

ನಾಲ್ಕು, ಐದು... ಎಲ್ಲವೂ ದೊಡ್ಡಪ್ಪನಿಗೆ ಗೊತ್ತಿರುವ ದನಿಗಳೇ. ಅವುಗಳ ಯಜಮಾನರಲ್ಲಿ ಸುಮಾರು ಜನರ ಚಟ್ಟಕ್ಕೆ ಹೆಗಲು ಕೊಟ್ಟವನು ಅವನೇ. ಜಗಲಿಯ ತುಂಬ ಕಾಲು ಸರಿಸುವ ಸದ್ದು, ಅದುಮಿಟ್ಟ ನಗು, ಯಾರೋ ಯಾರಿಗೋ ಮೆಲ್ಲಗೆ ಗುದ್ದಿದ ಸದ್ದು. ಲೆಕ್ಚರರ್ ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿನಲ್ಲಿ ಆಗುತ್ತಿತ್ತಲ್ಲ, ಅದೇ.

“ಹನ್ನೊಂದು?”

ದೊಡ್ಡಪ್ಪನದು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹೇಳಬೇಕು, ಹೇಳಬೇಕು... ತುಟಿ ಅಲುಗಲಿಲ್ಲ.

“ಹನ್ನೊಂದು? ಲೋ ಗೂಟ?”

“ಪ್ರೆಸೆಂಟ್ ಸಾರ್.”

ದೊಡ್ಡಪ್ಪನ ಸ್ವಂತ ದನಿ. ತುಸು ಒಡಕು, ಕೊನೆಗೆ ಎಳೆಯುವ ರಾಗ, ಎಲ್ಲ ಹಾಗೇ. ಅವನ ಬಾಯಿ ಮಾತ್ರ ಮುಚ್ಚಿತ್ತು.

“ಎಲ್ಲರೂ ಬಂದಿದಾರೆ...” ಮಾನಿಟರ್ ಅಳುತ್ತಿದ್ದನೋ ನಗುತ್ತಿದ್ದನೋ. “ಒಬ್ಬರೂ ತಪ್ಪಿಲ್ಲ.”

ಟಕ್. ಫೋನು ಕಟ್ಟಾಯಿತು. ಜಗಲಿ ಖಾಲಿ.

ಮಾರನೆಯ ದಿನ ಊಟ ಮುಗಿಸಿ ದೊಡ್ಡಪ್ಪ ಕಾದ. ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು. ಹೆದರಿಕೆ ಹೋಯಿತು. ದೆವ್ವಗಳೇ ಬರಲಿ, ಹಾಳಾಗಿ ಹೋಗಲಿ, ಒಂದು ಸಲ ತನ್ನ ನಂಬರು ಕರೆದರೆ ಸಾಕು. ತಾನೇ ಮಾಡಿದರೆ ಮಾನಿಟರನ ಫೋನು ಯಾವಾಗಲೂ ಎಂಗೇಜು. ಕೊನೆಗೆ ಅವನ ಮಗನಿಗೆ ಫೋನು ಹಚ್ಚಿದ.

“ಅಪ್ಪ ಹೇಗಿದಾರಪ್ಪ?”

“ತುಂಬಾ ಗೆಲುವಾಗಿದಾರೆ ಅಂಕಲ್. ಹಾಸಿಗೆ ಮೇಲೆ ಎದ್ದು ಕೂರ್ತಾರೆ. ರಾತ್ರಿಯಾದ್ರೆ ಕಾಲೇಜು ಫ್ರೆಂಡ್ಸ್ ಜೊತೆ ಫೋನಲ್ಲಿ ಒಂದೇ ನಗು. ತಾವ್ಯಾರು ಗೊತ್ತಾಗ್ಲಿಲ್ಲ...”

“ನಾನಪ್ಪ. ಗೂಟ ಅಂತ ಹೇಳು, ಒಂದು ನಿಮಿಷ ಫೋನು ಕೊಡು.”

ಆ ಹುಡುಗ ನಕ್ಕುಬಿಟ್ಟ.

“ತಮಾಷೆ ಮಾಡ್ಬೇಡಿ ಅಂಕಲ್. ಗೂಟ ಅಂಕಲ್ ಈಗ ಅಪ್ಪನ ಜೊತೆ ಲೈನಲ್ಲೇ ಇದಾರೆ. ಸ್ಪೀಕರಲ್ಲಿ ನಂಗೇ ಕೇಳಿಸ್ತಿದೆ.”

ದೊಡ್ಡಪ್ಪ ಫೋನು ಮಡಿಲಲ್ಲಿ ಇಟ್ಟುಕೊಂಡ. ಇನ್ನೊಂದು ಸಲ ಯಾರಿಗೂ ಮಾಡಲಿಲ್ಲ.

ನಂಬದಿದ್ದರೆ ಬಿಡಿ. ನಾನೂ ಮೊದಲು ನಕ್ಕವನೇ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದ, ಮಾತಿಲ್ಲ ಕತೆಯಿಲ್ಲ, ಮಡಿಲಲ್ಲಿ ಫೋನು. ಅದರ ಪರದೆ ಕಪ್ಪಗಿತ್ತು, ಸದ್ದಿಲ್ಲ ಏನಿಲ್ಲ. ನಾನು ಎದುರಿಗೇ ನಿಂತು ನನ್ನ ಫೋನಿಂದ ಅವನ ನಂಬರು ಒತ್ತಿದೆ. ಈ ಕಿವಿಯಾರೆ ಕೇಳಿದ್ದು... ‘ನೀವು ಕರೆ ಮಾಡಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.’