ಹತ್ತು ಪತ್ರಿಕೆ, ಒಂದೇ ಗಂಟಲು

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತ ಹಗಲುಗನಸು ಕಾಣುತ್ತಿದ್ದ ಹುಡುಗಿಯ ಬೆನ್ನ ಹಿಂದೆ ಇಬ್ಬರು ಬಂದು ನಿಂತರು. ಕೊರಳಲ್ಲಿ ಗ್ರಂಥಪಾಲಕಿಯ ಗುರುತುಚೀಟಿ ತೂಗುತ್ತಿದ್ದ ಅಕ್ಕ, ಕೈತುಂಬ ಹಾಳೆ ಹಿಡಿದ ತಂಗಿ.

“ಆ ಬ್ಯಾಟರಿಗೆ ಬೆಂಕಿ ಭಯ ಇಲ್ಲ ಅಂತ ಹತ್ತು ಪತ್ರಿಕೇಲಿ ಬಂದಿದೆ ಅಕ್ಕ. ಅದನ್ನ ನಂಬಿಯೇ, ಕೊಳ್ಳಬಹುದು ಅಂತ ನಮ್ಮ ಕಂಪನಿಗೆ ವರದಿ ಕೊಟ್ಟೆ.”

“ಹತ್ತರಲ್ಲೂ ಅದೇ ಫೋಟೊ, ಅದೇ ಸಾಲು. ಮಾರೋರೇ ಬರೆದು ಕಳಿಸಿದ್ದು ಕಣೇ ಇದು. ಬಾಯಿ ಹತ್ತು, ಗಂಟಲು ಒಂದೇ.”

ಅಜ್ಜಿಯ ಕಥೆಯ ಹತ್ತು ಬಾಯಿಯ ರಾಕ್ಷಸ ನೆನಪಾಗಿ ಹುಡುಗಿಯ ಮೈ ಜುಮ್ಮೆಂದಿತು.

“ಆ ಬ್ಯಾಟರಿ ಮೇಲಿನ ಸಂಶೋಧನಾ ಲೇಖನ ಓದಲಿಲ್ವಾ?” ಅಕ್ಕ ಕೇಳಿದಳು.

“ಮೊದಲ ಪುಟ ಓದ್ದೆ. ಸುರಕ್ಷಿತ ಅಂತಿತ್ತು.”

“ಒಳಗಡೆ ನೋಡು. ಗಾಳಿಯಾಡೋ ಕಡೆ ಇಟ್ಟರೆ ಮಾತ್ರ ಅಂತೆ. ಮುಚ್ಚಿದ ಕೋಣೇಲಿ ಹೊತ್ತಿಕೊಳ್ಳುತ್ತಂತೆ. ನೀವೆಲ್ಲಿ ಇಟ್ಟಿದೀರಿ?”

ತಂಗಿ ಹಾಳೆ ಮಗುಚಿ ಆ ಸಾಲಿನ ಮೇಲೆ ಬೆರಳಿಟ್ಟಳು. “ನೆಲಮಾಳಿಗೇಲಿ. ಬೆಳಿಗ್ಗೆಯಷ್ಟೇ ಚಾಲೂ ಮಾಡಿದ್ರು.”

“ಅದರ ಮೇಲೇನಿದೆ?”

“ಕೆಲಸದವರ ಮಕ್ಕಳನ್ನ ನೋಡ್ಕೊಳ್ಳೋ ಕೋಣೆ. ನಮ್ಮ ಪುಟ್ಟಿ ಅಲ್ಲೇ ಇದ್ದಾಳೆ ಅಕ್ಕ.”

“ಆಯಾಗೆ ಫೋನ್ ಮಾಡು. ನಡಿ, ಮೆಟ್ಟಿಲಲ್ಲೇ ಹೋಗೋಣ.”

ಲಿಫ್ಟಿನ ಬಾಗಿಲು ತೆರೆಯಿತು. ಹುಡುಗಿ ಒಳಗೆ ಕಾಲಿಡಲಿಲ್ಲ. ಮೆಟ್ಟಿಲ ಸುತ್ತಿನಲ್ಲಿ ಕೆಳಕೆಳಗೆ ಇಳಿಯುತ್ತಿದ್ದ ತಂಗಿಯ ದನಿ ಇನ್ನೂ ಕೇಳುತ್ತಿತ್ತು.

“ಫೋನ್ ಎತ್ತು ತಾಯಿ, ಎತ್ತು.”