ಬಾರಿಕಂಟಿಯ ಮರೆಯ ಒಡ್ಡು

“ಅಜ್ಜನ ಕಾಲದಾಗ ಬಸಗೊಂಡಪ್ಪನೂ ನಾವೂ ಸರಿಸಮ ಇದ್ವಿ. ಈಗ ಅಂವ ವಿಲಾಯತಿ, ನಾವು ಹಿಂದುಸ್ತಾನ.”

ಅದು ಸ್ವಾತಂತ್ರ್ಯ ಬಂದ ಮರುವರ್ಷ. ತಿಕೋಟಾದಲ್ಲಿ ಮೋಟಾರಿಗೆ ಕಾಯುತ್ತಿದ್ದ ಶಿಕ್ಷಕಿ ಕಾಶಿಬಾಯಿ ತಿರುಗಿ ನೋಡಲಿಲ್ಲ. ಮಾತಾಡಿದವನು ಹಿಂದೆ ನಿಂತಿದ್ದ ಶಂಕ್ರೆಪ್ಪ; ಜತೆಗೆ ಅವನ ಹೆಂಡತಿ ಲಕ್ಕವ್ವ. ತಮ್ಮ ಹೊಲವನ್ನು ಕೆಳಗಿನ ಹೊಲದ ಬಸಗೊಂಡಪ್ಪನಿಗೆ ಬರೆದುಕೊಡಲು ವಿಜಾಪುರಕ್ಕೆ ಹೊರಟಿದ್ದರು.

“ವಿಲಾಯತಿ ತಾನ ಬೆಳೀತೇನ್ರಿ? ಇಲ್ಲಿಂದ ಒಯ್ದು ಬೆಳೀತು. ನಮ್ಮ ಕರಿ ಮಣ್ಣೂ ಮಳಿ ಬಂದಾಗೆಲ್ಲ ಅವನ ಹೊಲಕ್ಕ ಹರದು ಹೋತು,” ಎಂದಳು ಲಕ್ಕವ್ವ.

“ಹೋದದ್ದು ತಿರುಗಿ ಬರ್ತೈತೇನು?”

“ಬರೂದಿಲ್ಲ. ಇದ್ದದ್ದು ನಿಲ್ತೈತಿ. ಈ ಸಲ ಜೋಳ ಎಲ್ಲಿ ಎದಿಮಟ ಬಂತು?”

“ಬಾರಿಹಣ್ಣಿನ ಕಂಟಿ ಮಗ್ಗಲ. ದೇವ್ರ ದಯಾ.”

“ದೇವ್ರು ಕಲ್ಲು ಹೊರ್ತಾನೇನ್ರಿ? ಕಸಾ ತಗ್ಯಾಕ ಹೋದಾಗೆಲ್ಲ ಕಂಟಿ ಮರಿಗೆ ಕಲ್ಲಿನ ಒಡ್ಡು ಹಾಕಿ ಮಣ್ಣು ನಿಲ್ಲಿಸೇನಿ.”

“ನನಗ್ಯಾಕ ಹೇಳಲಿಲ್ಲ?”

“ನೀವು ಚಾವಡ್ಯಾಗ ಹೇಳ್ತಿದ್ರಿ, ಬಸಗೊಂಡಪ್ಪ ರಾತ್ರೋರಾತ್ರಿ ಕೀಳಸ್ತಿದ್ದ.”

ಶಂಕ್ರೆಪ್ಪ ನಕ್ಕ. “ಅವನ ಸರಿಸಮ ಆಗಾಕ ಎಷ್ಟು ವರ್ಷ ಬೇಕು?”

“ಮೊಮ್ಮಕ್ಕಳನ್ನ ಕೇಳ್ರಿ. ಈಗ ಮನಿಗೆ ನಡೀರಿ.”

ಮೋಟಾರು ಬಂದಾಗ ಇಬ್ಬರೂ ಊರ ಕಡೆ ನಡೆದಿದ್ದರು.

ಕಾಶಿಬಾಯಿ ಒಬ್ಬಳೇ ಹತ್ತಿದಳು. ಅವಳು ಬಾಡಿಗೆಗಿದ್ದದ್ದು ಬಸಗೊಂಡಪ್ಪನ ಮನೆಯಲ್ಲೇ. ಸಂಜೆ ಮನೆಗೆ ಮರಳಿದಾಗ, ಶಂಕ್ರೆಪ್ಪ ಹೊಲ ಬರೆದುಕೊಡಲು ವಿಜಾಪುರಕ್ಕೆ ಯಾಕೆ ಬರಲಿಲ್ಲವೆಂದು ಆತ ಕೇಳದೆ ಇರುವುದಿಲ್ಲ. ಒಡ್ಡಿನ ಮಾತನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದಳು.