ಮುನವ್ವರ್ ಬೀ ಕುಂತ ಚೀಲ

ದೀಪ ಸಣ್ಣದು ಮಾಡು. ಹೇಳ್ತೀನಿ, ಆದ್ರ ನಡುವ ಹಲ್ಲು ಕಿಸೀಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ವಿರೂಪಣ್ಣಗ ಆಗಿದ್ದು. ಎಂಬತ್ತೆಂಟನೇ ಇಸವಿ, ನಮ್ಮ ಕಲ್ಮಲದಾಗ. ರಾತ್ರಿ ತಡಾ ಆಗಿತ್ತು, ಬಾವಿ ದಾಟಿ ಮನಿಗೆ ಹೊಂಟಿದ್ದ...

ತಡೀರಿ, ಮೊದಲಿಂದ ಹೇಳ್ತೀನಿ.

ವಿರೂಪಣ್ಣ ಅಕ್ಕಿ ಮಿಲ್ಲಿನ ಹಮಾಲ. ಅವನ ಜೋಡಿ ಚೀಲ ಹೊರ್ತಿದ್ದ ಬಂದೇನವಾಜ್ ಮಿಲ್ಟ್ರಿ ಸೇರಿ, ಡ್ರೈವರ್ ಆಗಿ, ಲಂಕಾಕ್ಕ ಹೋದ. ಅಲ್ಲಿ ರಸ್ತಾದಾಗ ಬಾಂಬ್ ಹೂತಿಡ್ತಿದ್ರಂತ. ಅದಕ್ಕ ಗಾಡಿ ತಳಕ್ಕ ಉಸುಕಿನ ಚೀಲ ಹಾಸ್ತಿದ್ರು, ಸಿಡಿದ್ರ ಉಸುಕು ತಡೀಲಿ ಅಂತ. ಒಂದಿನ ಯಾವನೋ ಸಾಹೇಬನ ಟ್ರಂಕಿಗೆ ಜಾಗ ಸಾಲಲಿಲ್ಲ. "ಈ ದಾರ್ಯಾಗ ಏನಿಲ್ಲ, ಚೀಲ ಇಳಸ್ರಿ" ಅಂದ್ನಂತ. ಇಳಿಸಿದ್ರು. ಬಂದೇನವಾಜ್ ಪೆಟ್ಟಿಗ್ಯಾಗ ಬಂದ.

ಪೆಟ್ಟಿಗಿ ತಂದಾಂವ ಅವನ ತಮ್ಮ ಅಮೀರ್ ಸಾಬ್. ಅವನೂ ಮಿಲ್ಟ್ರಿ ಡ್ರೈವರೇ. ಸಿಕಂದರಾಬಾದಿನಿಂದ ತಾನ ಟ್ರಕ್ಕು ಹೊಡಕೊಂಡು ಬಂದಿದ್ದ, ಮುಂಜಾನಿ ತಿರುಗಿ ಹೋಗಬೇಕು. ಅಣ್ಣನ ಜಾಗಕ್ಕ ಲಂಕಾಕ್ಕ ಇವನ್ನ ಹಾಕಿದ್ರು! ತಾಯಿ ಮುನವ್ವರ್ ಬೀಗೆ ಇನ್ನ ಉಳದಾಂವ ಅವನೊಬ್ಬನೇ.

ಸಂಜಿಗೆ ಕಬರಸ್ತಾನದಾಗ ಊರೆಲ್ಲಾ ಮಣ್ಣು ಕೊಟ್ಟಿತು, ಒಬ್ಬೊಬ್ಬರು ಮೂರು ಹಿಡಿ. ಕಾಲ ಕೆಳಗ ಬೇಕಾದಾಗ ಯಾರೂ ಕೊಡಲಿಲ್ಲ, ಮೈಮ್ಯಾಲೆ ಸುರಿಯಾಕ ಎಲ್ಲಾರೂ ಬಂದ್ರು.

ಮಂದಿ ಕುಂಡ್ರಾಕಂತ ವಿರೂಪಣ್ಣ ಮಿಲ್ಲಿನ ಖಾಲಿ ಚೀಲ ತಂದು ಹಾಸಿದ್ದ. ರಾತ್ರಿ ಆ ಚೀಲ ಸುತ್ತಿ ಹೆಗಲ ಮ್ಯಾಲೆ ಹೊತಗೊಂಡು ಹೊಂಟ. ಬಾವಿ ಹಂತ್ಯಾಕ ಆಲದ ಮರ, ಅದರ ಕೆಳಗ ಟ್ರಕ್ಕು. ಅಲ್ಲಿ ಸಪ್ಪಳ... ಚರ್ರ್... ಚರ್ರ್... ಉಸುಕಿಗೆ ಸಲಿಕಿ ಹಾಕಿದಂಗ. ಬಾವಿಕಟ್ಟಿ ರಿಪೇರಿಗಂತ ಹಾಕಿದ್ದ ಉಸುಕಿನ ಗುಂಪಿ ಮುಂದ ಒಬ್ಬ ಬಗ್ಗಿ ನಿಂತಿದ್ದ.

"ಲೇ ವಿರೂಪಾ... ಚೀಲದ ಬಾಯಿ ಹಿಡಿ."

ದನಿ ಬಂದೇನವಾಜಂದು.

"ಯಪ್ಪಾ... ಈಗರ ನಿನಗ ಮಣ್ಣು ಕೊಟ್ಟು ಬಂದೀನಲ್ಲೋ..."

"ಹಿಡಿ. ತಮ್ಮ ಹೊಂಟಾನ. ಗಾಡಿ ತಳ ಖಾಲಿ ಅದ."

"ಇದು ಕಲ್ಮಲಾ ಮಾರಾಯಾ. ಈ ದಾರ್ಯಾಗ ಏನಿಲ್ಲೋ."

"ಅಲ್ಲೂ ಹಂಗ ಅಂದ್ರು."

ವಿರೂಪಣ್ಣನ ಕೈಗೆ ರೂಢಿ ಇತ್ತಲ್ಲ, ಬಾಯಿ ಹಿಡದ. ಅಂವ ತುಂಬಿದಂಗ ಇಂವ ಸೊಂಟಕ್ಕ ಸಿಗಿಸಿದ್ದ ದಬ್ಬಣಕ್ಕ ಸುತಳಿ ಪೋಣಿಸಿ ಹೊಲದ. ವಿರೂಪಣ್ಣ ಎಡಗೈಯಾಂವ, ಅವನ ಹೊಲಿಗಿ ಎಲ್ಲಾರದಕಿಂತ ಉಲ್ಟಾ. ಮಿಲ್ಲಿನಾಗ ಅದಕ್ಕ ಎಲ್ಲಾರೂ ಕಾಡಸ್ತಿದ್ರು. ಕಡೀ ಚೀಲ ಟ್ರಕ್ಕಿಗೆ ಏರಿಸಿ ತಿರುಗಿ ನೋಡ್ತಾನ... ಸಲಿಕಿ ಅದ. ಮನಶ್ಯಾ ಇಲ್ಲ.

ಮುಂಜಾನಿ ಊರು ನೆರೀತು. ವಿರೂಪಣ್ಣ ಎಲ್ಲಾ ಹೇಳಿದ. ಮುನವ್ವರ್ ಬೀ ಸರಸರ ಟ್ರಕ್ಕು ಹತ್ತಿ, ಡ್ರೈವರ್ ಕಾಲಿಡೋ ಕಡಿ ಇದ್ದ ಚೀಲದ ಮ್ಯಾಲೆ ಕುಂತುಬಿಟ್ಲು. "ನನ್ನ ಮಗ ಹಾಸ್ಯಾನ. ಯಾರರ ಮುಟ್ಟೀರಿ!"

ಅಷ್ಟರಾಗ ಮಿಲ್ಲಿನ ಗುಮಾಸ್ತ ಬಂದ. "ಮಿಲ್ಟ್ರಿಗೆ ಕೊಡಾಕ ಚೀಲ ನಿಮ್ಮಪ್ಪಂದೇನ್ಲೇ? ಇಳಸು."

ವಿರೂಪಣ್ಣಗ ಕೆಲಸ ಹೋಗೋ ಅಂಜಿಕಿ. ಹಿಂದಿನ ಚೀಲ ಎಲ್ಲಾ ತಾನ ಇಳಿಸಿದ, ಹೊಲಿಗಿ ಬಿಚ್ಚಿದ, ಉಸುಕು ಸುರುವಿದ, ಝಾಡಿಸಿ ಕೊಟ್ಟ. ಆ ಮುದುಕಿ ಕುಂತದ್ದೊಂದು ಉಳೀತು.

ಅದನ್ನೂ ಸಿಕಂದರಾಬಾದಿನಾಗ ಟ್ರಕ್ಕು ಒಪ್ಪಿಸುವಾಗ ತಗದು ಒಗದೆ ಅಂತಾನ ಅಮೀರ್ ಸಾಬ್. ತಾಯಿ ಆಣಿ ಮಾಡಿ ಹೇಳ್ತಾನ, ಹಡಗ ಹತ್ತುವಾಗ ಚೀಲ ಗೀಲ ಏನೂ ಇರಲಿಲ್ಲಂತ.

ಲಂಕಾದಾಗ ಅವನ ಗಾಡಿ ಕೆಳಗೂ ಬಾಂಬ್ ಸಿಡೀತು. ಹಿಂದ ಕುಂತ ಹುಡುಗರು ಒಬ್ಬರೂ ಉಳೀಲಿಲ್ಲ. ಅವರ ಕೆಳಗ ಬರೇ ತಗಡು. ಅಮೀರ್ ಸಾಬ್ ಉಳದ, ಎರಡೂ ಕಾಲು ಸೈತ.

ರಜಾದಾಗ ಬಂದಾಗ ಒಂದು ಸುಟ್ಟ ಗೋಣಿ ತುಂಡು ತಂದಿದ್ದ. ಕಾಲ ಕೆಳಗ ಸಿಕ್ಕಿತಂತ. ನಮ್ಮ ಮಿಲ್ಲಿನ ನೀಲಿ ಮುದ್ರಿ ಅದರ ಮ್ಯಾಲೆ. ವಿರೂಪಣ್ಣ ಅದನ್ನ ನೋಡಿದ. "ಆ ಹುಡುಗರ ಕೆಳಗಿನ ಚೀಲ ನಾನ ಇಳಿಸಿದ್ನೆಲ್ಲೋ ಯಪ್ಪಾ..." ಅಂತ ಎದಿ ಎದಿ ಬಡಕೊಂಡು ಅತ್ತ. ಮತ್ತ ಮಿಲ್ಲಿನ ಕಡಿ ಮಾರಿ ಹಾಕಲಿಲ್ಲ.

ಸುಳ್ಳಂತೀರೇನು? ಹೋಗ್ರಿ, ಮುನವ್ವರ್ ಬೀ ಮನ್ಯಾಗ ಆ ತುಂಡು ಗ್ವಾಡಿಗೆ ತೂಗು ಹಾಕ್ಯಾರ. ನಾನ ಕೈಯಾಗ ಹಿಡದು ನೋಡೀನಿ. ಹೊಲಿಗಿ ಉಲ್ಟಾನೇ ಅದ.